ಹೆಂಡತಿಯ ತಾಷ್ಕೆಂಟ್

“ಓಡ್ಬೇಡಿ ರೀ, ಎರಡೇ ನಿಮಿಷಕ್ಕೆ ಇನ್ನೊಂದು ರೈಲು ಬರುತ್ತೆ,” ಎಂದು ಸುರಯ್ಯೊ ಗಂಡನ ತೋಳು ಹಿಡಿದು ನಿಲ್ಲಿಸಿದಳು. ಮೆಟ್ರೊ ಹಮ್ದಮ್‌ನ ಮೂಗಿನೆದುರೇ ಬಾಗಿಲು ಮುಚ್ಚಿಕೊಂಡು ಹೊರಟುಹೋಯಿತು. ಅವನಿಗೆ ಮೈಯೆಲ್ಲ ಉರಿಯಿತು.

ಹದಿನಾಲ್ಕು ವರ್ಷದ ಹಿಂದೆ, ಮದುವೆಯ ಹೊಸತರಲ್ಲಿ, ಅವಳ ತವರೂರಾದ ಇದೇ ತಾಷ್ಕೆಂಟಿನ ನೆಲದಡಿಯಲ್ಲಿ ಅವನು ಎರಡು ಗಂಟೆ ದಾರಿ ತಪ್ಪಿ ಅಲೆದಿದ್ದ. ಭಾವಮೈದುನರು ಊಟಕ್ಕೆ ಕೂತಾಗ ಅದನ್ನೇ ಹೇಳಿಕೊಂಡು ನಕ್ಕಿದ್ದರು. ಅಂದಿನಿಂದ ತನ್ನೂರು ಕೊಕಾಂಡಿನ ರೊಟ್ಟಿ ಸುಡುವ ತಂದೂರು ಬಿಟ್ಟು ಇತ್ತ ತಲೆ ಹಾಕಿರಲಿಲ್ಲ. ಹೆಂಡತಿಯನ್ನೂ ಮಗಳನ್ನೂ ಕಳಿಸಿದ್ದು ಕಡಿಮೆ. ಈ ಸಲ ಅವಳೇ ಹಟ ಹಿಡಿದಿದ್ದಳು: “ಶನಿವಾರ ಹೋಗಿ ಭಾನುವಾರ ವಾಪಸ್. ಆಗಲೂ ಹಿಡಿಸ್ಲಿಲ್ಲ ಅಂದ್ರೆ ಇನ್ಯಾವತ್ತೂ ಕರೆಯಲ್ಲ.”

ನಿನ್ನೆಯಿಡೀ ಅವನು ಊರಿನಲ್ಲಿ ತಪ್ಪು ಹುಡುಕಿದ್ದ. ರೊಟ್ಟಿ ಒಳಗೆ ಹಸಿ, ಚಹಾ ನೀರು. ಆದರೆ ನಿಜವಾಗಿ ಚುಚ್ಚಿದ್ದು ಬೇರೆ. ಬಜಾರಿನಲ್ಲಿ ಮೊಸರು ಮಾರುವವಳು “ಸೂರಾ!” ಎಂದು ಕೂಗಿ ಸುರಯ್ಯೊಳನ್ನು ಅಪ್ಪಿಕೊಂಡಿದ್ದಳು. ಆ ಹೆಸರು ಅವನಿಗೆ ಗೊತ್ತೇ ಇರಲಿಲ್ಲ. ಕೊಕಾಂಡಿನಲ್ಲಿ ಅವನ ಹಿಂದೆ ಮೆಲ್ಲಗೆ ಬರುವವಳು ಇಲ್ಲಿ ನಾಲ್ಕು ಹೆಜ್ಜೆ ಮುಂದಿದ್ದಳು. ಯಾವ ಬೀದಿಯ ಹಿಪ್ಪುನೇರಳೆ ಸಿಹಿ ಎಂಬುದೂ ಅವಳಿಗೆ ನೆನಪಿತ್ತು. ಇನ್ನೊಬ್ಬ ಗಂಡಸಾಗಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಇಷ್ಟು ದೊಡ್ಡ ಊರನ್ನು ಏನು ಮಾಡುವುದು?

ಮುಂದಿನ ರೈಲು ಅವರನ್ನು ಇಳಿಸಿದ್ದು ಹಳೆಯ ಈಜುಕೊಳವೊಂದರ ಹತ್ತಿರ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಕೊರಿಯನ್ ಮುದುಕಿಯೊಬ್ಬಳು ಕುಂಟುತ್ತ ಬಂದಳು. ಸುರಯ್ಯೊಗೆ ಚಿಕ್ಕಂದಿನಲ್ಲಿ ಇದೇ ಕೊಳದಲ್ಲಿ ಕಲಿಸಿದ ವೇರಾ ಕಿಮ್.

“ನನ್ನ ಹುಡುಗೀನ ಕದ್ಕೊಂಡು ಹೋದೋನು ಇವನೇನಾ?”

“ಕದಿಲಿಲ್ಲ. ಅವರಪ್ಪನ್ನ ಕೇಳೇ ಕರ್ಕೊಂಡು ಹೋದೆ.”

“ನನ್ನ ಕೇಳ್ಲಿಲ್ವಲ್ಲಪ್ಪ!”

ಸುರಯ್ಯೊ ಬಟ್ಟೆ ಬದಲಿಸಿ ಬಂದು, ಚಪ್ಪಲಿಯನ್ನೂ ತಲೆವಸ್ತ್ರವನ್ನೂ ಅವನ ಕೈಗಿತ್ತು ನೀರಿಗೆ ಹಾರುವ ಹಲಗೆಗಳ ಏಣಿ ಹತ್ತತೊಡಗಿದಳು.

“ಮೂರು ಮೀಟರ್ ಸಾಕು ಕಣೇ!” ಎಂದು ವೇರಾ ಕೂಗಿದಳು. ಸುರಯ್ಯೊ ಐದಕ್ಕೆ ಹೋದಳು. ಅಂಚಿನಲ್ಲಿ ನೀರಿಗೆ ಬೆನ್ನು ಮಾಡಿ, ಬರೀ ಕಾಲ್ಬೆರಳುಗಳ ಮೇಲೆ ನಿಂತಳು. ಆಮೇಲೆ ಹಮ್ದಮ್ ಕಂಡದ್ದು ಗಾಳಿಯಲ್ಲಿ ಒಮ್ಮೆ ಮಡಚಿ ಬಿಚ್ಚಿಕೊಂಡ ಒಂದು ದೇಹ. ನೀರು ಹೆಚ್ಚು ಸದ್ದೂ ಮಾಡದೆ ಅವಳನ್ನು ಒಳಗೆ ಎಳೆದುಕೊಂಡಿತು.

ಕೊಳದ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಅವನು ತಟ್ಟಲಿಲ್ಲ. ಹದಿನಾಲ್ಕು ವರ್ಷ ಪಕ್ಕದಲ್ಲೇ ಮಲಗಿದ್ದ ಆ ಬೆನ್ನಿಗೆ ಇದು ಬರುತ್ತದೆಂದು ಈ ಕುಂಟ ಮುದುಕಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

“ನನ್ನ ಮಂಡಿ ಹೋಗಿದೆ,” ಎಂದಳು ವೇರಾ. “ಬೇಸಿಗೆ ಮೂರು ತಿಂಗಳು ಈ ಮಕ್ಕಳಿಗೆ ಕಲಿಸೋಕೆ ಇವಳನ್ನ ಬಿಡು. ನಿಮ್ಮ ಮಗಳೂ ಬರ್ಲಿ.”

ಅವನು ಹೆಂಡತಿಯ ಕಡೆ ತಿರುಗಿದ. “ಇದಕ್ಕೇನಾ ಕರ್ಕೊಂಡು ಬಂದಿದ್ದು?”

“ಹೂಂ,” ಎಂದಳು, ಕೂದಲು ಹಿಂಡುತ್ತ. “ನೀವು ಬೇಡ ಅಂದ್ರೆ ಬೇಡ. ನೋಡ್ದೇನೇ ಬೇಡ ಅನ್ಬಾರ್ದು, ಅಷ್ಟೆ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ಮದುವೆಯಾದ ಮೊದಲ್ನೇ ವಾರ. ‘ಕೊಕಾಂಡಲ್ಲಿ ಎಲ್ಲಿ ಹಾರ್ತೀಯ, ತಂದೂರೊಳಗಾ?’ ಅಂದ್ರಿ. ನಿಮ್ಮಮ್ಮನೂ ನಕ್ಕರು.”

ಅವನಿಗೆ ನೆನಪಾಗಲಿಲ್ಲ. ಆದರೆ ಮಾತು ತನ್ನದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಕೈಯಲ್ಲಿದ್ದ ಚಪ್ಪಲಿಗಳನ್ನು ಎಲ್ಲಿಡಬೇಕೆಂದು ತೋಚದೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ಎರಡು ತಿಂಗಳು,” ಎಂದ ಕೊನೆಗೆ, ಮುದುಕಿಗೆ.

“ಎರಡೂವರೆ.”

“ಪ್ರತಿ ಭಾನುವಾರ ನಾನು ಬರ್ತೀನಿ. ದಾರಿ ತಪ್ಪಿದ್ರೂ ಬರ್ತೀನಿ.”

“ಬಾರಪ್ಪ. ರೊಟ್ಟಿ ತಗೊಂಡ್ಬಾ.”

ಸುರಯ್ಯೊ ತಲೆ ತಗ್ಗಿಸಿ, ಆಗಲೇ ಹಿಂಡಿ ಮುಗಿದಿದ್ದ ಕೂದಲನ್ನೇ ಮತ್ತೆ ಹಿಂಡಿದಳು.

“ಇನ್ನೊಂದ್ಸಲ ಹತ್ತು,” ಎಂದ ಅವನು, ಒರಟಾಗಿ.

ಅವಳು ಹತ್ತಿದಳು. ಹಮ್ದಮ್ ಹುಡುಗಿಯರನ್ನು ಸರಿಸಿಕೊಂಡು, ವೇರಾಳನ್ನೂ ದಾಟಿ, ಎಲ್ಲರಿಗಿಂತ ಮುಂದೆ ನಿಂತು ತಲೆಯೆತ್ತಿದ. ಮೇಲಿನಿಂದ ಒಂದು ಹನಿ ಅವನ ಕೆನ್ನೆಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.