ಅಂಡಾಕಾರದ ಹಲ್ಲುಚಕ್ರ

ಭಾನುವಾರ ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಅವರ ಮನೆಯೊಳಗೆ ಕಾಲಿಟ್ಟಾಗ ಅವರು ನೆಲದ ಮೇಲೆ ಮೊಣಕೈ ಊರಿ ಮಲಗಿ, ಮೌಂಟನ್ ಬೈಕಿನ ಪೆಡಲಿನ ಮುಂದೆ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ತೂಗಬಿಟ್ಟು, ಅದರ ಓಲಾಟ ನಿಲ್ಲುವುದನ್ನೇ ಕಾಯುತ್ತಿದ್ದರು.

"ಬನ್ನಿ. ಆದ್ರೆ ಸ್ವಲ್ಪ ಹೊತ್ತು ಉಸಿರು ಬಿಡ್ಬೇಡಿ" ಎಂದರು.

ತೂಕದ ಬಟ್ಟುಗಳನ್ನೂ ಅಳತೆಪಟ್ಟಿಗಳನ್ನೂ ಪರೀಕ್ಷಿಸಿ ಮುದ್ರೆಯೊತ್ತುವ ಪ್ರಯೋಗಾಲಯವೊಂದರಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮೇಜಿನವರು. ಅಲ್ಲಿ ಅವರ ಹೆಸರೇ ಮಿಲಿಮೀಟರ್. ಎದುರಿಗೇ ಹಾಗೆ ಕರೆದರೂ ಓಗೊಡುತ್ತಿದ್ದರು. 'ಸುಮಾರು' ಎಂಬ ಪದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಜೇಬಿನಲ್ಲಿ ಉಕ್ಕಿನ ಸ್ಕೇಲು ಇಣುಕುವ ಬೂದು ಕೋಟು ರಜೆಯ ದಿನವೂ ಮೈಮೇಲಿರುತ್ತಿತ್ತು. ನಡೆಯುವಾಗ ಬಲಗಾಲು ಕೈವಾರದ ಕಾಲಿನಂತೆ ಸ್ವಲ್ಪ ಹೊರಗೆ ಬಳಸಿ ಬಂದು ನೆಲಕ್ಕೂರುತ್ತಿತ್ತು, ಏಕೆಂದರೆ ಆ ಮಂಡಿ ಸವೆದಿತ್ತು. ಮದುವೆಯಾದವರಲ್ಲ. ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ನಾನು ಹೋದ ದಿನ ಚಹಾ ಕುಡಿಯಲು ನಮಗಿಬ್ಬರಿಗೂ ಸರದಿ.

ಅವರಿಗೆ ಲೋಕದಲ್ಲಿ ಉಳಿದಿದ್ದವಳು ಒಬ್ಬ ಅಕ್ಕ. ಊರಾಚೆಯ ಗುಡ್ಡದ ನೆತ್ತಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಆಕೆಯ ವಾಸ. ಟ್ಯಾಂಕು ಕಾಯುತ್ತಿದ್ದ ಗಂಡ ತೀರಿಕೊಂಡ ಮೇಲೂ ಇಳಿದು ಬರಲು ಒಪ್ಪಿರಲಿಲ್ಲ. ಕಿವಿ ಪೂರ್ತಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳಾದ್ದರಿಂದ ಫೋನು ದಂಡ. ಒಂಬತ್ತು ಕಿಲೋಮೀಟರಿನ ಕಲ್ಲುದಾರಿಯನ್ನು ಇವರು ಪ್ರತಿ ಭಾನುವಾರ ಸೈಕಲ್ಲಿನಲ್ಲಿ ಏರಿ ಹೋದರಷ್ಟೇ ಅಕ್ಕತಮ್ಮಂದಿರ ಮಾತುಕತೆ. ಒಮ್ಮೆ ನಾನೂ ಏದುಸಿರು ಬಿಡುತ್ತಾ ಹಿಂದೆ ಹೋಗಿದ್ದೆ. ಅವರು ಕೂತ ತಕ್ಷಣ ಮೇಜಿನ ಕುಂಟುವ ಕಾಲಿಗೆ ಸ್ಕೇಲು ಹಿಡಿದಾಗ ಆಕೆ ಸೌಟು ಎತ್ತಿದಳು: "ಏ ಪಾಪು, ಹೊಟ್ಟೆಗೇನಾದ್ರೂ ತಿಂತೀಯೋ, ಅಳತೆ ತಗೊಂಡು ಹೊರಡ್ತೀಯೋ?" ಪಾಪುವಿಗೆ ಆಗ ಐವತ್ತೆಂಟು.

ಡಾಕ್ಟರು ಸೈಕಲ್ ಬಿಡಿ ಎಂದರು. ಇವರು ಸೈಕಲ್ಲಿನ ಬದಲು ಅದರ ಹಲ್ಲುಚಕ್ರ ಬಿಟ್ಟರು. ಪೆಡಲು ತುದಿಯಲ್ಲೋ ತಳದಲ್ಲೋ ಇದ್ದಾಗ ಕಾಲಿಗೆ ಒತ್ತುವ ಶಕ್ತಿ ಕಡಿಮೆ. ಆ ಹೊತ್ತಿಗೆ ಚೈನಿಗೆ ಚಕ್ರದ ಕಿರಿದಾದ ಭಾಗ ಸಿಗಬೇಕು, ಕಾಲು ಬಲವಾಗಿ ಒತ್ತುವಾಗ ಅಗಲವಾದ ಭಾಗ. ಹಾಗಾಗಿ ದುಂಡನೆಯದರ ಬದಲು ಅಂಡಾಕಾರದ್ದನ್ನು ಹಾಕಿದರೆ ಏರಿನಲ್ಲಿ ಮಂಡಿಗೆ ಹಗುರ ಎಂಬುದು ಅವರ ತರ್ಕ. ತರಿಸಿದ ಚಕ್ರ ಹಳೆಯ ಸೈಕಲ್ಲಿಗೆ ಕೂರಲಿಲ್ಲ. ಕೋನ ಅಳೆದು, ಪಾರದರ್ಶಕ ಹಾಳೆಯ ಮೇಲೆ ನಕ್ಷೆ ಬರೆದು, ಬೋಲ್ಟಿನ ತೂತುಗಳನ್ನು ತಾವೇ ಕೊರೆದರು. ಆ ಭಾನುವಾರ ನಾನು ಕಂಡದ್ದು ಅದೇ ಅಳತೆಯನ್ನು.

ಹೊಸ ಚಕ್ರದಲ್ಲಿ ಮೊದಲ ಸಲ ಏರಿ ಬಂದವರ ಮಂಡಿ ಊದಿಕೊಂಡಿತು. ಎರಡನೆಯ ಸಲ ಅರ್ಧ ದಾರಿಯಿಂದ ಸೈಕಲ್ ನೂಕಿಕೊಂಡು ಹಿಂತಿರುಗಿದರು. ಆಮೇಲೆ ಹೋಗುವುದೇ ನಿಂತಿತು. ಗುರುವಾರ ಟ್ಯಾಂಕಿಗೆ ಜೀಪು ಹೋಗುತ್ತದೆ, ರಜೆ ಹಾಕಿ ಹೋಗಿಬನ್ನಿ ಎಂದೆ.

"ಮಂಡಿ ಯಾಕೆ ಹೀಗಾಯ್ತು ಅಂತ ಗೊತ್ತಾಗ್ಲಿ, ಹೋಗ್ತೀನಿ."

ವಾರಗಳು ಉರುಳಿದವು. ಒಂದು ಸೋಮವಾರ ಆ ನಕ್ಷೆಯನ್ನು ತಂದು ನನ್ನ ಮೇಜಿನ ಮೇಲೆ ಹರಡಿ, ಮೆಲ್ಲಗೆ ಮಗುಚಿ ಹಾಕಿದರು. ಸೈಕಲ್ಲಿನ ಬಲಬದಿಯನ್ನು ಗೋಡೆಗೆ ಒರಗಿಸಿ, ಎಡಬದಿಯಿಂದ ನೋಡಿ ಬರೆದ ನಕ್ಷೆ ಅದು, ಹಲ್ಲುಚಕ್ರವಿರುವುದು ಬಲಬದಿಗೆ. ಕನ್ನಡಿಯಲ್ಲಿ ಕಂಡಂತೆ ಎಲ್ಲ ಅದಲುಬದಲಾಗಿ, ಇಪ್ಪತ್ತು ಡಿಗ್ರಿ ಹಿಂದಿರಬೇಕಾದ ಅಗಲಭಾಗ ಇಪ್ಪತ್ತು ಡಿಗ್ರಿ ಮುಂದೆ ಕೂತಿತ್ತು. ಪಕ್ಕದಲ್ಲೇ ಉಸಿರು ಹಿಡಿದು ನಿಂತಿದ್ದ ನನಗೂ ಅದು ಹೊಳೆದಿರಲಿಲ್ಲ. ನಾಲ್ಕು ಬೋಲ್ಟು ಬಿಚ್ಚಿ ಚಕ್ರವನ್ನು ಮಗುಚಿ ಹಾಕಿದರೆ ಮುಗಿಯಿತು. ಒಂಬತ್ತು ನಿಮಿಷದ ಕೆಲಸ.

ಮುಂದಿನ ಭಾನುವಾರ ನಾನೂ ಜೊತೆಗೆ ಹೋದೆ. ಮಂಡಿ ಸೊಲ್ಲೆತ್ತಲಿಲ್ಲ. ಅಕ್ಕ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬಂದ್ಯಾ? ನಾನು ಸತ್ತೇಹೋದೆ ಅಂದ್ಕೊಂಡ್ಯೇನೋ?"

ಇವರು ಬೆಳಕಿಗೆ ಮುಖ ಮಾಡಿ ನಿಧಾನವಾಗಿ ತುಟಿಯಾಡಿಸಿದರು. "ಚಕ್ರ ತಿರುಗುಮುರುಗಾಗಿತ್ತು, ಅಕ್ಕ."

"ಚಕ್ರಾನೋ, ನಿನ್ನ ತಲೇನೋ?" ಎಂದು ನಗುತ್ತಲೇ ಒಳಗೆ ಹೋದಳು, ಹೊರಬರಲು ತುಸು ಹೊತ್ತಾಯಿತು. ನಾವು ಕೂತ ಕೋಣೆಯಲ್ಲಿ ಊಟದ ಕುರ್ಚಿ ದಾರಿ ಕಾಣುವ ಕಿಟಕಿಯ ಬಳಿಗೆ ಬಂದಿತ್ತು. ಅದನ್ನು ಮತ್ತೆ ಮತ್ತೆ ಎಳೆದ ಗೀರುಗಳು ಮೇಜಿನಿಂದ ಕಿಟಕಿಯವರೆಗೂ ನೆಲದ ಮೇಲೆ ಬೆಳ್ಳಗೆ ಕಾಣುತ್ತಿದ್ದವು. ಇವರು ಅವನ್ನು ನೋಡಿದರು. ಸ್ಕೇಲು ಮಾತ್ರ ತೆಗೆಯಲಿಲ್ಲ.

ಆಮೇಲೆ ಎರಡು ವರ್ಷ ಒಂದು ಭಾನುವಾರವೂ ತಪ್ಪಲಿಲ್ಲ. ಮೂರನೆಯ ಚಳಿಗಾಲದಲ್ಲಿ ಅಕ್ಕ ನಿದ್ದೆಯಲ್ಲೇ ಹೋದಳು. ಎಲ್ಲ ಮುಗಿದು ಅವರು ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದಾಗ ಟ್ಯಾಂಕಿನ ಈಗಿನ ಕಾವಲುಗಾರ ಪಕ್ಕದಲ್ಲಿ ಬಂದು ಕೂತು, "ಇಂಥ ತಮ್ಮ ಎಷ್ಟು ಜನಕ್ಕೆ ಸಿಗ್ತಾರೆ ಸಾರ್? ಮಳೆ ಬರ್ಲಿ ಬಿಸಿಲಿರ್ಲಿ, ಒಂದ್ ವಾರಾನೂ ತಪ್ಪಿಸಿದವರಲ್ಲ" ಎಂದ.

ಯಾವ ಅಳತೆಗೂ ಕ್ಷಮಿಸಬಹುದಾದ ವ್ಯತ್ಯಾಸವೊಂದುಂಟು. ಅದರೊಳಗಿನ ತಪ್ಪಿಗೆ ಮುದ್ರೆಯೊತ್ತಿ ಕಳಿಸುವುದು ನಮ್ಮ ವೃತ್ತಿಯ ಧರ್ಮ. ನಾವು ಉಳಿದವರು ಬದುಕುವುದೂ ಆ ರಿಯಾಯಿತಿಯಲ್ಲೇ. ಆದರೆ ಇವರಂಥವರು ಅದನ್ನು ಲೋಕಕ್ಕೆಲ್ಲ ಧಾರಾಳವಾಗಿ ಕೊಟ್ಟು, ತಮ್ಮ ಪಾಲಿಗೆ ಒಂದು ಕೂದಲೆಳೆಯಷ್ಟೂ ಇಟ್ಟುಕೊಳ್ಳುವುದಿಲ್ಲ. ಅವರನ್ನು ಸಮಾಧಾನಪಡಿಸಲು ಹೋದವನು ತಪ್ಪು ಅಂಕಿ ಓದಿದವನಂತೆ ಕಾಣುತ್ತಾನೆ. ಕಾವಲುಗಾರನ ಕಡೆ ತಿರುಗಿ, ಅವನಿಗೆ ಕಿವಿ ಕೇಳಿಸುತ್ತದೆಂಬುದನ್ನು ಮರೆತವರಂತೆ, ತುಟಿಗಳನ್ನು ನಿಧಾನವಾಗಿ ಆಡಿಸುತ್ತಾ ಅವರು ಹೇಳಿದರು:

"ತಪ್ಪಿಸಿದೀನಿ. ಹನ್ನೊಂದು."