ಅಂಜಮ್ಮನ ರಾಗಿಕಲ್ಲು

"ಏಯ್ ಮುದುಕಿ, ಕಲ್ಲು ಹೊತ್ಕೊಂಡು ಎಲ್ಲಿಗೇ ನುಗ್ತಿದ್ದೀಯ? ಇದೇನ್ ನಿಮ್ಮಪ್ಪನ ಮನೆ ಜಗಲೀನಾ?"

ಅರಣ್ಯ ಇಲಾಖೆಯ ಗೇಟು ಕಾಯುವ ಸುರೇಶ ಲಾಠಿ ಅಡ್ಡ ಹಿಡಿದ. ಕದಿರಮ್ಮ ತಲೆಯ ಮೇಲಿದ್ದ ರಾಗಿಕಲ್ಲಿನ ಕೆಳಹೋಳನ್ನು ಇಳಿಸಲಿಲ್ಲ. ಇಳಿಸಿದರೆ ಮತ್ತೆ ಎತ್ತಿಕೊಡಲು ಜೊತೆಗೆ ಯಾರೂ ಇರಲಿಲ್ಲ.

"ಇವತ್ತು ಮಾರ್ಲಮಿ ಅಮಾಸೆ, ಸತ್ತೋರ ದಿನ ಕಣಪ್ಪ. ಮಗಳ ಹತ್ರ ಹೋಗಿ ಒಂದ್ ಹಿಡಿ ರಾಗಿ ಬೀಸಿ ಬಂದ್ಬಿಡ್ತೀನಿ."

"ನಡ್ಕೊಂಡು ಹೋಗಂಗಿಲ್ಲ. ಜಿಂಕೆ ಬೆದರ್ತವೆ. ಟಿಕೇಟ್ ತಗೊಂಡು ಜೀಪಲ್ಲಿ ಹೋಗು."

ಅವನು ಹಾಗೆನ್ನುವಾಗಲೇ ಹತ್ತು ಮಂದಿ ತುಂಬಿದ್ದ ಹಸಿರು ಜೀಪೊಂದು ಹಾಡು ಹಾಕಿಕೊಂಡು ಒಳಗೆ ಹೋಯಿತು.

ರಾಯಲ್ಪಾಡು ಕಡೆಯ ಆ ಗುಡ್ಡದ ಬುಡದಲ್ಲಿ ಕೇರಿಯವರು ಅಜ್ಜಿ ಮುತ್ತಜ್ಜಿಯರ ಕಾಲದಿಂದ ತಮ್ಮವರನ್ನು ಮಣ್ಣು ಮಾಡುತ್ತಿದ್ದರು. ಕೇರಿಯಲ್ಲಿ ಹೆಣ್ಣು ಸತ್ತರೆ ಅವಳು ಬೀಸುತ್ತಿದ್ದ ರಾಗಿಕಲ್ಲಿನ ಮೇಲಿನ ಹೋಳು ಅವಳ ತಲೆಯ ಬಳಿ, ಕೆಳಗಿನದು ಮನೆಯಲ್ಲಿ. ವರ್ಷಕ್ಕೊಂದು ದಿನ ಮನೆಯ ಹೋಳನ್ನು ಹೊತ್ತು ತಂದು, ಎರಡನ್ನೂ ಜೋಡಿಸಿ, ಒಂದು ಹಿಡಿ ರಾಗಿ ಬೀಸಿ, ಹಿಟ್ಟನ್ನು ಅಲ್ಲೇ ಬಿಟ್ಟು ಬರಬೇಕು. ಬೀಸುವಾಗ ಮಾತಿಲ್ಲ. ಸತ್ತವರ ಹೆಸರನ್ನು ಅಲ್ಲಿ ಎತ್ತಬಾರದು, ಅವರು ಮಲಗಿರುವ ಕಡೆ ಬೆರಳು ತೋರಿಸಬಾರದು. ತೋರಿಸಿದರೆ ಅವರಿಗೆ ಎಚ್ಚರವಾಗುತ್ತದೆ.

ಕದಿರಮ್ಮನಿಗೆ ಮುಳುವಾಗಿದ್ದೇ ಈ ಕಟ್ಟಳೆ. ಮೂರು ವರ್ಷದ ಹಿಂದೆ ಅಳತೆಯವರು ಬಂದು, "ಈ ಜಾಗದಲ್ಲಿ ನಿಮ್ದೇನಾದ್ರೂ ಇದ್ಯೇನಮ್ಮ?" ಎಂದು ಕೇಳಿದ್ದರು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಏನೂ ಇಲ್ಲ ಸ್ವಾಮಿ, ಬರೀ ಕಲ್ಲು" ಎಂದಿದ್ದಳು. ಕಾಗದದ ಮೇಲೆ ಹೆಬ್ಬೆಟ್ಟನ್ನೂ ಒತ್ತಿದ್ದಳು. ಹೋದ ವರ್ಷದವರೆಗೆ ಬರೀ ಬೇಲಿ ಇತ್ತು. ನುಸುಳಿ ಹೋಗಿ ಬಂದಿದ್ದಳು. ಈಗ ಗೇಟು, ಟಿಕೇಟಿನ ಗೂಡು.

ಅವಳು ಸುರೇಶನ ಭುಜದಾಚೆ ಇಣುಕಿದಳು. ಗುಡ್ಡದ ಬುಡ ಅಂಗೈಯಂತೆ ಸಮವಾಗಿತ್ತು. ಅಲ್ಲಿ ಕಾರುಗಳು ನಿಂತಿದ್ದವು.

"ಅಯ್ಯೋ ನಾ ತಲ್ಲೀ, ನನ್ನವ್ವಾ! ಅಲ್ಲಿದ್ದ ಕಲ್ಲೆಲ್ಲಾ ಏನ್ ಮಾಡಿದ್ರೋ?"

"ದಾರಿಗೆ ಹಾಸಿದ್ರು. ಈಗ ಪಕ್ಕಕ್ ಬಾ, ಸಾಹೇಬ್ರು ಬಂದ್ರು."

ಅಧಿಕಾರಿ ಚಂದ್ರಮೋಹನ್ ಕಾರಿನಿಂದಿಳಿದು ವಿಷಯ ಕೇಳಿದರು. ಮೊಬೈಲಿನಲ್ಲಿ ಹುಡುಕಿ ಒಂದು ಕಾಗದದ ಚಿತ್ರ ತೋರಿಸಿದರು.

"ನಿನ್ನ ಹೆಬ್ಬೆಟ್ಟೇ ತಾನೆ? ಏನೂ ಇಲ್ಲ ಅಂದೋಳು ನೀನೇ. ಕಾಡಂದ್ರೆ ಪ್ರಾಣಿಗಳಿಗಮ್ಮ. ನೀವೆಲ್ಲ ಓಡಾಡ್ತಿದ್ರೆ ಅವು ಎಲ್ಲಿಗೆ ಹೋಗ್ಬೇಕು?" ಆಮೇಲೆ ಅವಳ ತಲೆಯ ಮೇಲೆ ಕಣ್ಣು ಹೋಗಿ, ದನಿ ಮೆತ್ತಗಾಯಿತು. "ಹಳೇ ರಾಗಿಕಲ್ಲಾ? ನಮ್ಮ ಮ್ಯೂಸಿಯಂಗೆ ಕೊಟ್ಬಿಡು. ಬಂದ ಜನ ನೋಡ್ತಾರೆ. ಮೇಲಿನ ಹೋಳು ಒಂದು ಇಲ್ಲೇ ಇದೆ, ಜೋಡಿ ಆಗುತ್ತೆ."

ಅವರು ತೋರಿಸಿದ್ದು ಗೇಟಿನೊಳಗಿನ ಫಲಕವನ್ನು. ರಾಗಿಕಲ್ಲಿನ ಮೇಲಿನ ಹೋಳೊಂದರ ಬಾಯಿಗೆ ಫಲಕದ ಕಬ್ಬಿಣದ ಕೊಳವೆ ನೆಟ್ಟು, ಸುತ್ತ ಜಲ್ಲಿ ಜಡಿದು ನಿಲ್ಲಿಸಿದ್ದರು. 'ಶಾಂತಿ ಕಾಪಾಡಿ. ಇದು ವನ್ಯಜೀವಿಗಳ ಮನೆ.'

ಕದಿರಮ್ಮನಿಗೆ ಓದಲು ಬರುತ್ತಿರಲಿಲ್ಲ. ಕಲ್ಲಿನ ಗುರುತು ಮಾತ್ರ ಸಿಕ್ಕಿತು. ಅಂಚಿನಲ್ಲಿ ಒಂದು ಚೂರು ಮುರಿದಿತ್ತು. ಒಂಬತ್ತು ವರ್ಷದವಳಿದ್ದಾಗ ಮಗಳು ಎತ್ತಲು ಹೋಗಿ ಬೀಳಿಸಿದ್ದು. ಅವತ್ತು ಕದಿರಮ್ಮ ಅವಳನ್ನು ಸೌದೆಯಲ್ಲಿ ಹೊಡೆದಿದ್ದಳು. ಹತ್ತೊಂಬತ್ತಕ್ಕೆ ಜ್ವರ ಬಂದು ಹುಡುಗಿ ಮೂರು ದಿನಕ್ಕೆ ಹೋಗಿಬಿಟ್ಟಳು. ಹೊಡೆದ ಏಟು ತಾಯಿಯ ಕೈಯಲ್ಲೇ ಉಳಿಯಿತು.

ಸುರೇಶನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು. ಕೆಳಹೋಳನ್ನು ಜೀಪಿನ ದಾರಿಯ ನಡುಮಧ್ಯೆ ದೊಪ್ಪನೆ ಇಳಿಸಿದಳು. ಫಲಕವನ್ನು ಎರಡೂ ಕೈಯಲ್ಲಿ ಅಲುಗಾಡಿಸಿ ಕಿತ್ತು ಅತ್ತ ಎಸೆದು, ಬಾಯೊಳಗಿನ ಜಲ್ಲಿಯನ್ನು ಬೆರಳಿನಿಂದ ಕೆದರಿ ತೆಗೆದಳು. ಉಗುರು ಕಿತ್ತು ರಕ್ತ ಬಂತು.

"ಸರ್ಕಾರಿ ಆಸ್ತಿ ಮುಟ್ತೀಯೇನೇ, ಲಂಜಮುಂಡೆ!" ಸುರೇಶ ಓಡಿಬಂದ.

"ನನ್ ಮಗಳನ್ನ ಕಂಬಕ್ಕೆ ಒತ್ತು ಕೊಟ್ಟಿದ್ದೀರಲ್ಲೋ, ಬೇವರ್ಸಿ ನನ್ ಮಕ್ಳಾ! ಮುಟ್ಟು ನೋಡಾನ!"

ಮೇಲಿನ ಹೋಳನ್ನು ಉರುಳಿಸಿಕೊಂಡು ಬಂದು ಜೋಡಿಸಿದಳು. ಮಡಿಲಿನ ರಾಗಿ ಹಾಕಿ, ಜೊತೆಗೆ ತಂದಿದ್ದ ಗೂಟ ಸಿಕ್ಕಿಸಿ, ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಲಗೈಯಲ್ಲಿ ತಿರುಗಿಸಿದಳು. ಗುಡ್ಡದಿಂದ ಇಳಿಯುತ್ತಿದ್ದ ಜೀಪು ಅವಳ ಮುಂದೆ ಬಂದು ನಿಂತಿತು. ಡ್ರೈವರ್ ಲತೀಫ್ ಹಾರ್ನಿನ ಮೇಲೆ ಇಟ್ಟ ಕೈಯನ್ನು ತೆಗೆದು, ಮೊದಲು ಹಾಡು ನಿಲ್ಲಿಸಿದ, ಆಮೇಲೆ ಇಂಜಿನ್ನನ್ನೂ ನಿಲ್ಲಿಸಿದ.

"ಯಾಕೋ ನಿಲ್ಸಿದೆ? ಪಕ್ಕದಲ್ಲಿ ಹತ್ಸು!" ಚಂದ್ರಮೋಹನ್ ಕೂಗಿದರು.

"ನಮ್ಮಮ್ಮೀನೂ ಮಣ್ಣಲ್ಲೇ ಅವ್ರೆ ಸಾಬ್. ನನ್ ಕೈಲಾಗಲ್ಲ," ಎಂದು ಲತೀಫ್ ಕೆಳಗಿಳಿದು ನಿಂತ.

ಜೀಪಿನಲ್ಲಿದ್ದವರು ಮೊಬೈಲು ಎತ್ತಿದರು. "ಹಳ್ಳಿ ಶೋನೂ ಇದ್ಯಾ ಟಿಕೇಟಲ್ಲಿ?" ಎಂದು ಒಬ್ಬಳು ಕೇಳಿದಳು. ಇನ್ನೊಬ್ಬ ಚಪ್ಪಾಳೆ ತಟ್ಟಿದ.

ಕದಿರಮ್ಮ ಬೀಸುವುದನ್ನು ನಿಲ್ಲಿಸಲಿಲ್ಲ. ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಜನ್ಮದಲ್ಲಿ ಮೊದಲ ಸಲ ಆ ಕಡೆಗೆ ಬೆರಳು ಚಾಚಿದಳು.

"ಆ ಬಿಳೀ ಕಾರಿನ ಕೆಳಗೆ ನಮ್ಮತ್ತೆ ಬೈರಮ್ಮ! ಟಿಕೇಟಿನ ಗೂಡಿನ ಕೆಳಗೆ ಮುನಿಯಲ್ಲಪ್ಪನ ಹೆಂಡ್ತಿ ಶ್ಯಾಮಲಮ್ಮ! ಆ ಮೂಲೆ ಕಕ್ಕಸಿನ ಕೆಳಗೆ ನನ್ ಮಗಳು ಅಂಜಮ್ಮ! ಏಳ್ರೇ, ಎಲ್ರೂ ಏಳ್ರೇ! ನಿಮ್ ಜಾಗ ಹೋಯ್ತು, ಎದ್ದು ಬನ್ರೇ!"

ಚಪ್ಪಾಳೆ ನಿಂತಿತು. ಬಿಳೀ ಕಾರಿಗೆ ಒರಗಿ ನಿಂತಿದ್ದವನು ಮೆಲ್ಲಗೆ ಕಾಲು ತೆಗೆದು ಬೇರೆ ಕಡೆ ಇಟ್ಟ, ಅಲ್ಲೂ ನಿಲ್ಲಲಾರದೆ ಇನ್ನೊಂದು ಕಡೆ ಇಟ್ಟ. ಸುರೇಶ ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವಳು ಗೂಟ ಬಿಡಲಿಲ್ಲ. ಎಳೆದಷ್ಟಕ್ಕೂ ಕಲ್ಲು ತಿರುಗಿತು, ಹಿಟ್ಟು ಉದುರಿತು.

"ಏಳಮ್ಮಾ ಅಂಜೂ, ಹೊಡೆಯಲ್ಲ ಕಣೇ, ಏಳೇ."