ಶಿಲ್ಪಾಳ ಒಪ್ಪತ್ತು

2024ರ ನವೆಂಬರ್ 18, ಕಾರ್ತಿಕ ಸೋಮವಾರ. ಗುಬ್ಬಿಯ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಶಿಲ್ಪಾ ತೂಕದ ಮಷೀನಿನ ಮೇಲೆ ನಿಂತಳು. ಎಂಬತ್ತೊಂದು ಕಿಲೋ. ಮೂರು ವರ್ಷದಲ್ಲಿ ಹದಿನಾಲ್ಕು ಕಿಲೋ ಏರಿಕೆ. ರಕ್ತದಲ್ಲಿ ಸಕ್ಕರೆಯೂ ಏರಿತ್ತು.

ಜೊತೆಗೆ ಬಂದಿದ್ದ ಅತ್ತೆ ಚಿಕ್ಕಗಂಗಮ್ಮ ಮೂತಿ ತಿರುವಿದರು. "ತಿಂಗ್ಳೆಲ್ಲ ಒಪ್ಪತ್ತು ಅಂತಾಳೆ. ಮೈ ಊದೋ ಒಪ್ಪತ್ತು ನಾನಂತೂ ಕಾಣೆ. ಕದ್ದು ತಿಂತಾವ್ಳೆ, ಬುಡಿ!"

ಶಿಲ್ಪಾಳ ಕಣ್ಣು ತುಂಬಿತು. ತುಮಕೂರಿನ ಕಾರ್ಖಾನೆಯೊಂದರಲ್ಲಿ ಮೂರು ವರ್ಷದಿಂದ ರಾತ್ರಿ ಪಾಳಿ ಅವಳದು. "ದೇವ್ರಾಣೆ ಸಿಸ್ಟರ್, ಒಂದೇ ಊಟ."

"ಎಷ್ಟು ಹೊತ್ತಿಗೆ?" ನರ್ಸ್ ಮೋನಿಕಾ ಕೇಳಿದರು.

"ಎರಡು ಗಂಟೆಗೆ."

"ಮಧ್ಯಾಹ್ನನಾ?"

"ಅಲ್ಲ, ರಾತ್ರಿ, ಕ್ಯಾಂಟೀನ್‌ನಲ್ಲಿ. ವ್ರತ ಇಲ್ದಾಗ್ಲೂ ದೊಡ್ಡ ಊಟ ಆವಾಗ್ಲೇ. ಈಗ ಹಗಲೆಲ್ಲ ಹಸ್ಕೊಂಡಿರ್ತೀನಲ್ಲ, ಎರಡು ಮುದ್ದೆ, ಮೇಲೆ ಅನ್ನ. ತೂಕಡಿಕೆ ಬರದಿರ್ಲಿ ಅಂತ ಸಕ್ಕರೆ ಟೀ, ಬಿಸ್ಕತ್ತು. ಅದು ಊಟದ ಲೆಕ್ಕಕ್ಕೆ ಬರಲ್ವಲ್ಲ."

ಮೋನಿಕಾ ನಗಲಿಲ್ಲ. "ವ್ರತ ತಪ್ಪಲ್ಲಮ್ಮ, ಹೊತ್ತು ತಪ್ಪು. ನಮ್ಮ ಮೈಯೊಳಗೂ ಒಂದು ಗಡಿಯಾರ ಇದೆ. ಹಗಲು ಅರಗೋ ಅನ್ನವನ್ನೇ ನಡುರಾತ್ರಿ ಉಂಡ್ರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತೆ. ನಿದ್ದೆ ಕೆಟ್ರೆ ಹಸಿವು ಕೆರಳುತ್ತೆ. ಆಮೇಲೆ ತೂಕ."

"ನಮ್ಮಪ್ಪನೂ ರಾತ್ರಿಯೆಲ್ಲ ಹೊಲ ಕಾಯ್ತಿದ್ದ. ಕಡ್ಡಿ ಇದ್ದಂಗಿದ್ದ," ಅಂದರು ಚಿಕ್ಕಗಂಗಮ್ಮ.

"ವರ್ಷಪೂರ್ತಿ ಕಾಯ್ತಿದ್ರಾ ಅಜ್ಜಿ?"

"ಇಲ್ಲ, ರಾಗಿ ತೆನೆ ಬಂದಾಗ." ಅತ್ತೆಯ ದನಿ ಇಳಿಯಿತು. "ಇವ್ಳು ಹಗಲು ಮಲಗಿದ್ರೆ ನಾನೇ ಎಬ್ಬಿಸ್ತೀನಿ ಕಣವ್ವ. ನಲ್ಲಿ ಬಂತು, ನೀರು ಹಿಡಿಯೇ ಅಂತ."

"ಹಗಲು ಪಾಳಿ ಕೇಳಿದ್ಯಾ?" ಮೋನಿಕಾ ಶಿಲ್ಪಾಳತ್ತ ತಿರುಗಿದರು.

"ಕೇಳ್ದೆ. ಕಷ್ಟ ಆದ್ರೆ ಮನೇಲಿರು ಅಂದ್ರು."

ಗಂಡ ಅಂಜನ್‌ಕುಮಾರ್ ಕುಣಿಗಲ್ ಬಳಿ ಬೈಕಿನಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಮನೆಗೆ ಅವಳೊಬ್ಬಳದೇ ಸಂಬಳ. ಅದಕ್ಕೆ ಮೋನಿಕಾರ ಬಳಿ ಮದ್ದಿರಲಿಲ್ಲ. ಇದ್ದುದನ್ನು ಹೇಳಿದರು: ಕೆಲಸಕ್ಕೆ ಹೊರಡುವ ಮುನ್ನ ಊಟ, ನಡುರಾತ್ರಿಯಿಂದ ಬೆಳಗಿನವರೆಗೆ ಭಾರಿ ಊಟ ಬೇಡ, ಬೆಳಿಗ್ಗೆ ಮನೆಗೆ ಬಂದೊಡನೆ ಕತ್ತಲ ಕೋಣೆಯಲ್ಲಿ, ದಿನವೂ ಒಂದೇ ಹೊತ್ತಿಗೆ ನಿದ್ದೆ, ತಪ್ಪದೆ ವೈದ್ಯರ ಭೇಟಿ.

ಅಂದೇ ಚಿಕ್ಕಗಂಗಮ್ಮ ಕಿಟಕಿಗೆ ಕಂಬಳಿ ಕಟ್ಟಿದರು. ಪಕ್ಕದ ಮನೆಗೆ ಕೂಗಿದರು: "ಏನ್ಲಾ ಷಡಕ್ಷರಿ, ಆ ಟೀವಿ ಬಾಯಿ ಮುಚ್ಚಿಸ್ಲಾ! ನನ್ ಸೊಸೆ ಮಲಗವ್ಳೆ."

ಸಂಜೆ ಬಿಸಿ ಮುದ್ದೆ ಉಂಡು ಶಿಲ್ಪಾ ಮತ್ತೆ ಕಾರ್ಖಾನೆಯ ಬಸ್ಸು ಹತ್ತಿದಳು. ಪಾಳಿ ಬದಲಾಗಲಿಲ್ಲ.

ಓದುವವರೇ, ನಿಮ್ಮ ಮನೆಯಲ್ಲಿ ರಾತ್ರಿ ದುಡಿಯುವವರಿದ್ದರೆ ಉಣಿಸಿ ಕಳುಹಿಸಿ. ಅವರ ಹಗಲಿನ ನಿದ್ದೆಯನ್ನು ಕಾಯಿರಿ. ಸಕ್ಕರೆ ಪರೀಕ್ಷೆ ಮಾಡಿಸಿ. ಮುಂದಿನ ಕೇಡು ಇಷ್ಟರಿಂದ ತಗ್ಗೀತು, ಹಿಂದಿನದು ಅಳಿಯದು. ಶಿಲ್ಪಾಳಿಗೆ ಮೂರು ವರ್ಷದ ನಿದ್ದೆ ಬಾಕಿಯಿದೆ. ಅದನ್ನು ತೀರಿಸುವವರು ಯಾರೂ ಇಲ್ಲ.